ಕೆರೆಯ ಮೇಲೆ ವಾಣಿಶ್ರೀಯ ಗಂಟಲು

"ಒಂಬತ್ತು ನಿಮಿಷ ಆಯ್ತು," ಎಂದ ಮುನಿಕೃಷ್ಣ, ವಾಚು ನೋಡಿಕೊಳ್ಳುತ್ತಾ. "ಇನ್ನೊಂದು ನಿಮಿಷ ತಡ್ಕೊಂಡ್ರೆ ನಿನ್ ಲೈಫಲ್ಲೇ ರೆಕಾರ್ಡು ಕಣೇ."

ವಾಣಿಶ್ರೀ ಉತ್ತರ ಕೊಡಲಿಲ್ಲ. ಕೊಡುವ ಹಾಗಿರಲಿಲ್ಲ. ತುಟಿ ಬಿಗಿಯಾಗಿ ಒತ್ತಿಕೊಂಡು, ಕೆನ್ನೆ ಉಬ್ಬಿಸಿಕೊಂಡು, ಟೆಂಪೋದ ಕಿಟಕಿಯಾಚೆಯ ಮಂಜನ್ನು ಗುರಾಯಿಸುತ್ತಾ ಕೂತಿದ್ದಳು. ಡಿಸೆಂಬರ್ ತಿಂಗಳು, ಬೆಳಗಿನ ಆರೂವರೆ. ಯಲ್ದೂರು ಬಿಟ್ಟು ಹೋಳೂರಿನ ಕಡೆ ಹೊರಟಿದ್ದ ಆ ಟೆಂಪೋದಲ್ಲಿ ಆರು ಮಕ್ಕಳು, ಒಬ್ಬರು ಟೀಚರ್ ಮತ್ತು ಒಂದು ದೊಡ್ಡ ಡಬ್ಬಿ ಚಿತ್ರಾನ್ನ ಇದ್ದವು.

ಹತ್ತು ನಿಮಿಷ ಮಾತಾಡದೆ ಕೂರುವುದು ಅನಿತ ಮಿಸ್ ಕೊಟ್ಟಿದ್ದ ಪ್ರಾಕ್ಟೀಸು. ಉಳಿದ ಐದು ಮಕ್ಕಳಿಗೆ ಅದರ ಅಗತ್ಯವೇನೂ ಇರಲಿಲ್ಲ. ಒಬ್ಬಳಿಗೇ ಹೇಳಿದರೆ ಬೇಜಾರಾದೀತೆಂದು ಮಿಸ್ ಎಲ್ಲರಿಗೂ ಹೇಳಿದ್ದರು.

ಅಷ್ಟರಲ್ಲಿ ಮಂಜಿನೊಳಗಿಂದ ಒಂದು ಎಮ್ಮೆ ರಸ್ತೆಗೆ ಬಂತು. ಡ್ರೈವರ್ ಅದನ್ನು ಆಗಲೇ ನೋಡಿ ಬ್ರೇಕಿನ ಮೇಲೆ ಕಾಲಿಟ್ಟಿದ್ದ. ಆದರೆ "ಅಣ್ಣಾ, ಎಮ್ಮೆ" ಎಂದು ಹಿಂದಿನಿಂದ ಬಂದ ಕೂಗಿಗೆ ಗಾಬರಿಯಾಗಿ ಪೂರ್ತಿ ತುಳಿದುಬಿಟ್ಟ. ಆರೂ ತಲೆಗಳು ಮುಂದಿನ ಸೀಟಿಗೆ ಬಡಿದವು. ಎಮ್ಮೆಯೂ ಬೆಚ್ಚಿಬಿದ್ದು ಬಂದ ದಾರಿಯಲ್ಲೇ ವಾಪಸು ಹೋಯಿತು.

"ಒಂಬತ್ತೂವರೆ," ಎಂದ ಮುನಿಕೃಷ್ಣ, ಹಣೆ ಉಜ್ಜಿಕೊಳ್ಳುತ್ತಾ.

ಈ ಗಂಟಲಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ವಾಣಿಶ್ರೀಯ ಮನೆಯವರಿಗೆ ಎರಡು ಎಕರೆ ರಾಗಿ ಹೊಲ ಇತ್ತು. ತೆನೆ ಕಟ್ಟಿತೆಂದರೆ ಸಾಕು, ಗುಬ್ಬಿ, ಗಿಳಿ, ಗೊರವಂಕ ಎಲ್ಲವೂ ಕರೆಯದೇ ಬರುವ ನೆಂಟರು. ಮೊದಲು ಅವುಗಳನ್ನು ಓಡಿಸುತ್ತಿದ್ದವಳು ಅಜ್ಜಿ ಅಕ್ಕಯಮ್ಮ. ಎರಡು ವರ್ಷದ ಹಿಂದೆ ಅಜ್ಜಿಯ ಗಂಟಲು ಕೈಕೊಟ್ಟಿತು. ಅಂದಿನಿಂದ ಸ್ಕೂಲಿಗೆ ಹೋಗುವ ಮುಂಚೆ ಎರಡು ಗಂಟೆ ಅಟ್ಟಣೆ ಹತ್ತಿ ಕೂಗುವ ಕೆಲಸ ಮೊಮ್ಮಗಳ ಪಾಲಿಗೆ ಬಂತು.

ಅದು ಸುಮ್ಮನೆ ಕೂಗುವ ಕೆಲಸವಲ್ಲ. ಹಕ್ಕಿಗಳು ಬೆನ್ನ ಹಿಂದಿನಿಂದ ಬರುತ್ತವೆ. ತಿರುಗಿ ನೋಡುತ್ತಾ ಕೂತರೆ ಅಷ್ಟರಲ್ಲಿ ಒಂದು ಸಾಲು ತೆನೆ ಮಾಯ. ಹೊಲದ ಮೇಲೆ ರೆಕ್ಕೆಯ ನೆರಳು ಸರಿದ ಕೂಡಲೇ, ತಲೆ ಯೋಚನೆ ಮಾಡುವುದಕ್ಕೆ ಮುಂಚೆ ಬಾಯಿ ಕೂಗಿರಬೇಕು. ವಾಣಿಶ್ರೀ ಅದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಅವಳು ಕೂಗಿದರೆ ಗಿಳಿಗಳು ಹಿಂದೆ ತಿರುಗಿ ನೋಡದೆ ಪಕ್ಕದ ಸೊಣ್ಣಪ್ಪನ ಹೊಲಕ್ಕೆ ಹೋಗಿ ಕೂರುತ್ತಿದ್ದವು. ಸೊಣ್ಣಪ್ಪ ಅಲ್ಲಿಂದ ಓಡಿಸಿದರೆ ಮತ್ತೆ ಇಲ್ಲಿಗೆ. ಗಿಳಿಗಳಿಗೆ ಅದೊಂದು ಬಸ್ಸಿನ ರೂಟ್ ಆಗಿಹೋಗಿತ್ತು.

"ಇಂಕಾ ಗಟ್ಟಿಗಾ," ಎಂದು ಅಜ್ಜಿ ಕೆಳಗಿನಿಂದ ತೆಲುಗಿನಲ್ಲಿ ಹುರಿದುಂಬಿಸುತ್ತಿದ್ದಳು. ಇನ್ನೂ ಗಟ್ಟಿಯಾಗಿ.

ಎಂಟು ಗಂಟೆಯ ತನಕ ಇನ್ನೂ ಗಟ್ಟಿಯಾಗಿ. ಒಂಬತ್ತೂವರೆಗೆ ಸ್ಕೂಲಿನ ಗೇಟು ದಾಟಿದರೆ ಬಾಯ್ಮುಚ್ಚು. ಹೆಡ್‌ಮಾಸ್ಟರ್ ಶ್ರೀನಿವಾಸಪ್ಪನವರು ಬೇರೆಯವರಿಗೆ ನಮಸ್ಕಾರ ಹೇಳುವಷ್ಟು ಸಲೀಸಾಗಿ ಅವಳಿಗೆ ಬಾಯ್ಮುಚ್ಚು ಎನ್ನುತ್ತಿದ್ದರು. ಒಂದೇ ಗಂಟಲು, ಒಂದೂವರೆ ಗಂಟೆಯಲ್ಲಿ ಬೇರೆಯಾಗುವುದು ಹೇಗೆ ಎಂದು ಯಾರೂ ಯೋಚಿಸಿರಲಿಲ್ಲ. ವಾಣಿಶ್ರೀಗೆ ಇದು ದೊಡ್ಡ ಅನ್ಯಾಯ ಅನ್ನಿಸುತ್ತಿತ್ತು. ಮನೆಗೆ ಹೋಗಿ ಅತ್ತದ್ದೂ ಉಂಟು, ಅದೂ ಜೋರಾಗಿಯೇ.

ಇಂಥವಳು ಹಕ್ಕಿ ಫೋಟೋ ಟ್ರಿಪ್ಪಿಗೆ ಹೇಗೆ ಆಯ್ಕೆಯಾದಳು ಎಂದರೆ, ಅದಕ್ಕೆ ಅನಿತ ಮಿಸ್ ಕಾರಣ. ಇಕೋ ಕ್ಲಬ್ಬಿನಲ್ಲಿ ಅವರು ನೀವು ನೋಡಿದ ಹತ್ತು ಹಕ್ಕಿಗಳ ಹೆಸರು ಬರೆಯಿರಿ ಎಂದಿದ್ದರು. ಮುನಿಕೃಷ್ಣ ಕೋಳಿಯನ್ನೂ ಸೇರಿಸಿ ಏಳು ಬರೆದ. ವಾಣಿಶ್ರೀ ಇಪ್ಪತ್ತಾರು ಬರೆದಳು. ಯಾವುದು ಎಷ್ಟು ಗಂಟೆಗೆ ಬರುತ್ತದೆ, ಏನನ್ನು ಕದಿಯುತ್ತದೆ, ಕೂಗಿದರೆ ಯಾವ ದಿಕ್ಕಿಗೆ ಓಡುತ್ತದೆ ಎಂದೂ ಬರೆದಿದ್ದಳು. ಅದು ಪೊಲೀಸ್ ಸ್ಟೇಷನ್ನಿನ ಕಳ್ಳರ ಪಟ್ಟಿಯಂತಿತ್ತು. ಮಿಸ್ ಅದನ್ನು ಎರಡು ಸಲ ಓದಿ, ಇವಳನ್ನು ಕರೆದುಕೊಂಡು ಹೋಗಲೇಬೇಕು ಎಂದು ಹಟ ಹಿಡಿದರು.

ಹೆಡ್‌ಮಾಸ್ಟರು ಒಪ್ಪಲಿಲ್ಲ. ಬೆಂಗಳೂರಿನಿಂದ ದೊಡ್ಡ ದೊಡ್ಡ ಕ್ಯಾಮೆರಾದವರು ಬರುತ್ತಾರೆ, ಈ ಹುಡುಗಿ ಒಂದು ಸಲ ಬಾಯಿ ತೆಗೆದರೆ ಸ್ಕೂಲಿನ ಮಾನ ಹೋಗುತ್ತದೆ ಎಂದರು. ಕೊನೆಗೆ ಒಂದು ಷರತ್ತು ಹಾಕಿದರು. ಅವಳಿಂದ ಏನಾದರೂ ಕಂಪ್ಲೇಂಟ್ ಬಂದರೆ ಇಕೋ ಕ್ಲಬ್ಬಿನ ಟ್ರಿಪ್ಪುಗಳೆಲ್ಲ ಅವತ್ತಿಗೇ ಬಂದ್. ಮಿಸ್ ಆಗಲಿ ಸಾರ್ ಎಂದು ಒಪ್ಪಿಕೊಂಡು ಬಂದಿದ್ದರು. ಈ ವಿಷಯ ವಾಣಿಶ್ರೀಗೆ ಗೊತ್ತಿತ್ತು. ಅದಕ್ಕೇ ಅಷ್ಟು ಕಷ್ಟಪಟ್ಟು ಕೆನ್ನೆ ಉಬ್ಬಿಸಿಕೊಂಡಿದ್ದಳು.

ಕೆರೆಯ ಏರಿಯ ಮೇಲೆ ಗೈಡ್ ಕದಿರೇಶ್ ಕಾಯುತ್ತಿದ್ದರು. ನರಸಾಪುರದ ಒಂದು ಕಂಪನಿಯಲ್ಲಿ ಶಿಫ್ಟ್ ಕೆಲಸ ಮಾಡುವ ಅವರು ವಾರದ ರಜೆಯ ದಿನ ಫೀಸು ತೆಗೆದುಕೊಂಡು ಹಕ್ಕಿ ತೋರಿಸಲು ಜನರನ್ನು ಕರೆದುಕೊಂಡು ಹೋಗುತ್ತಿದ್ದರು. ಹಿಂದಿನ ರಾತ್ರಿಯ ಶಿಫ್ಟ್ ಮುಗಿಸಿ ಕಂಪನಿ ಬಸ್ಸಿಳಿದು ನೇರವಾಗಿ ಇಲ್ಲಿಗೇ ಬಂದಿದ್ದರು. ಕಣ್ಣು ಕೆಂಪಗಿತ್ತು, ಕೊರಳಲ್ಲಿ ಕಂಪನಿಯ ಬ್ಯಾಡ್ಜು ಹಾಗೇ ಇತ್ತು.

ಅವರ ಹಿಂದೆ ಬೆಂಗಳೂರಿನ ಐದು ಜನ ಫೋಟೋಗ್ರಾಫರುಗಳು ನಿಂತಿದ್ದರು. ಹಕ್ಕಿಗಳಿಗೆ ಕಾಣಬಾರದೆಂದು ಎಲ್ಲರೂ ಎಲೆಗಳ ಚಿತ್ರವಿದ್ದ ಪ್ಯಾಂಟು, ಶರ್ಟು, ಟೋಪಿ ಹಾಕಿಕೊಂಡಿದ್ದರು. ಏರಿಯ ಮೇಲೆ ಒಂದು ಎಲೆಯೂ ಇಲ್ಲದ ಕಾರಣ ಹೋಳೂರಿನ ತನಕ ಎದ್ದು ಕಾಣುತ್ತಿದ್ದರು. ಅವರ ಲೆನ್ಸುಗಳು ಬೋರ್‌ವೆಲ್ ಪೈಪಿನಷ್ಟು ದಪ್ಪಗಿದ್ದವು. ಎಲ್ಲರಿಗಿಂತ ದಪ್ಪ ಲೆನ್ಸಿನವರ ಹೆಸರು ನರೇಶ್. ಅವರು ಮಕ್ಕಳನ್ನು ನೋಡಿದ ತಕ್ಷಣ ಕದಿರೇಶ್ ಕಡೆ ತಿರುಗಿ, ಇವರೂ ಬರ್ತಾರಾ ಎಂದು ಕೇಳಿದರು. ಹಾಲಿನಲ್ಲಿ ಇರುವೆ ಕಂಡವರ ಮುಖ ಹಾಗಿರುತ್ತದೆ.

ಕದಿರೇಶ್ ಎಲ್ಲರನ್ನೂ ಕೂರಿಸಿ ವಿಷಯ ಹೇಳಿದರು. ಹೋದ ವಾರ ಚೆನ್ನೈ ಕಡೆ ಸೈಕ್ಲೋನ್ ಬಂದು ಇಲ್ಲಿ ಮೂರು ದಿನ ಜಡಿಮಳೆ ಹಿಡಿದಿತ್ತಲ್ಲ, ಆ ಗಾಳಿಗೆ ಸಿಕ್ಕಿ ಮೂರು ಹಕ್ಕಿಗಳು ಈ ಕೆರೆಗೆ ಬಂದು ಬಿದ್ದಿವೆ. ಅವುಗಳ ಹೆಸರು ಸ್ಕಿಮ್ಮರ್. ಚಳಿಗಾಲದಲ್ಲಿ ಕಡಲ ತೀರದಲ್ಲಿ ಇರಬೇಕಾದವು. ಕಡಲು ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ದೂರ. ಇಡೀ ಪ್ರಪಂಚದಲ್ಲಿ ಕೆಲವೇ ಸಾವಿರ ಉಳಿದಿವೆ, ಅದರಲ್ಲಿ ಮೂರು ನಮ್ಮ ಕೆರೆಯಲ್ಲಿವೆ.

ಆ ಹಕ್ಕಿಯ ಕೊಕ್ಕು ಕಿತ್ತಳೆ ಬಣ್ಣದ್ದು, ಮೇಲಿನ ಅರ್ಧಕ್ಕಿಂತ ಕೆಳಗಿನ ಅರ್ಧ ಉದ್ದ. ಮೊಬೈಲಿನಲ್ಲಿ ಚಿತ್ರ ನೋಡಿದ ಮುನಿಕೃಷ್ಣ ನಮ್ಮ ಪಿ.ಟಿ. ಮೇಷ್ಟ್ರ ಗದ್ದದ ಹಾಗೇ ಇದೆ ಎಂದು ಪಿಸುಗುಟ್ಟಿದ. ಅನಿತ ಮಿಸ್ ಅವನ ಕಡೆ ಕಣ್ಣು ಬಿಟ್ಟು, ಆಮೇಲೆ ನಗು ತಡೆಯಲಾರದೆ ಚಿತ್ರಾನ್ನದ ಡಬ್ಬಿ ಸರಿಮಾಡುವ ನೆಪದಲ್ಲಿ ಬಗ್ಗಿದರು.

ರೂಲ್ಸು ಒಂದೇ. ಸದ್ದು ಮಾಡಬಾರದು. ಕದಿರೇಶರ ಸ್ಕೋಪು, ಅಂದರೆ ಮೂರು ಕಾಲಿನ ಮೇಲೆ ನಿಲ್ಲಿಸಿದ ದೂರದರ್ಶಕಕ್ಕೆ ಮಿಸ್‌ನ ಫೋನು ಹಿಡಿದು ಪ್ರತಿ ಮಗುವೂ ಒಂದೊಂದು ಫೋಟೋ ತೆಗೆಯಬಹುದು. ಹಕ್ಕಿಗಳು ಬೆಳಕಾಗುವ ಮೊದಲೇ ಎಲ್ಲೋ ಹೋಗಿವೆ. ನೀರಿನ ನಡುವೆ ಕಾಣುವ ಆ ಮರಳಿನ ದಿಬ್ಬಕ್ಕೆ ವಾಪಸು ಬರುತ್ತವೆ. ಬರುವ ತನಕ ಕಾಯಬೇಕು.

ಕಾದರು. ಏಳೂವರೆಯಾಯಿತು. ಮಂಜು ಕರಗಿ ಬೆನ್ನ ಹಿಂದೆ ಸೂರ್ಯ ಬಂದ. ವಾಣಿಶ್ರೀಗೆ ಮೂಗು ಕೆರೆಯಿತು, ಕಾಲು ಜೋಮು ಹಿಡಿಯಿತು, ಹೇಳಬೇಕಾದ ಹದಿನಾಲ್ಕು ಮಾತುಗಳು ಗಂಟಲಿನಲ್ಲಿ ಸಾಲಾಗಿ ನಿಂತವು. ಒಂದನ್ನೂ ಹೊರಗೆ ಬಿಡಲಿಲ್ಲ. ಅರ್ಧ ಗಂಟೆ ಕಳೆಯಿತು. ಮುನಿಕೃಷ್ಣ ವಾಚು ತೋರಿಸಿ ಹೆಬ್ಬೆರಳು ಎತ್ತಿದ. ಮಿಸ್ ಅವಳ ಕಡೆ ನೋಡಿ ಮೆಲ್ಲಗೆ ನಕ್ಕರು. ಅವಳಿಗೆ ಹೆಮ್ಮೆಯಾಯಿತು.

ಆಗ ಹಿಂದಿನಿಂದ, ತಲೆಯ ಮೇಲಿಂದ, ಏರಿಯ ಒಣಹುಲ್ಲಿನ ಮೇಲೆ ಮೂರು ರೆಕ್ಕೆಯ ನೆರಳುಗಳು ಸರಿದವು.

"ಹೋಯ್ ಹೋಯ್ ಹೋಯ್ ಹಾ ಹಾ ಹೋಓಓ."

ಕೂಗಿದ್ದು ಯಾರು ಎಂದು ವಾಣಿಶ್ರೀಯೇ ಒಂದು ಕ್ಷಣ ಆಚೀಚೆ ನೋಡಿದಳು. ಆಮೇಲೆ ತನ್ನ ಬಾಯಿ ತೆರೆದಿರುವುದು ಗೊತ್ತಾಯಿತು.

ದಿಬ್ಬದ ಮೇಲೆ ಇಳಿಯಲು ಕಾಲು ಚಾಚಿದ್ದ ಮೂರು ಹಕ್ಕಿಗಳು ಬೆದರಿ ಮೇಲಕ್ಕೆದ್ದವು. ಅವುಗಳ ಜೊತೆ ಕೆರೆಯಲ್ಲಿದ್ದ ಬಾತು, ಕೊಕ್ಕರೆ, ನೀರುಕಾಗೆ ಎಲ್ಲವೂ ಎದ್ದವು. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳೂ ಎದ್ದು ನಿಂತಳು. ಮೂರು ಹಕ್ಕಿಗಳು ಕೆರೆಯನ್ನು ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ಬಂದವು. ಕೊನೆಗೆ ದಿಬ್ಬದ ದೂರದ ತುದಿಯಲ್ಲಿ ಹೆದರುತ್ತಾ ಇಳಿದವು.

ಫೋಟೋಗ್ರಾಫರುಗಳು ಒಟ್ಟಿಗೆ ಬೈಯತೊಡಗಿದರು. ಇದಕ್ಕೇ ಮಕ್ಕಳು ಬೇಡ ಅಂದದ್ದು, ಬೆಳಗಿನ ಮೂರು ಗಂಟೆಗೆ ಎದ್ದು ಬಂದಿದ್ದೇವೆ, ಯಾವ ಸ್ಕೂಲು ಇದು, ಹೆಡ್‌ಮಾಸ್ಟರ್ ಯಾರು. ವಾಣಿಶ್ರೀಗೆ ಅದ್ಯಾವುದೂ ಕೇಳಿಸಲಿಲ್ಲ. ಅವಳು ಅನಿತ ಮಿಸ್‌ನ ಮುಖ ನೋಡುತ್ತಿದ್ದಳು. ಮಿಸ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನೆಲ ಬಿರಿದು ನುಂಗಬಾರದೇ ಎನ್ನುವಷ್ಟು ನಾಚಿಕೆಯಾಗಿ ಅವಳ ಕಣ್ಣು ತುಂಬಿ ಬಂತು.

ನರೇಶ್ ಒಬ್ಬರೇ ಬೈಯುವುದನ್ನು ನಿಲ್ಲಿಸಿ ಕ್ಯಾಮೆರಾದ ಪರದೆ ನೋಡುತ್ತಿದ್ದರು. ಗಾಬರಿಯಲ್ಲಿ ಅವರ ಬೆರಳು ಬಟನ್ನನ್ನು ಒತ್ತಿಕೊಂಡೇ ಇತ್ತು. ಮೂರೂ ಹಕ್ಕಿಗಳು ರೆಕ್ಕೆ ಬಿಚ್ಚಿ, ಕೊಕ್ಕು ತೆರೆದು, ಒಂದೇ ಫ್ರೇಮಿನಲ್ಲಿ ಬಂದಿದ್ದವು. ಉಳಿದ ನಾಲ್ವರು ಬಗ್ಗಿ ನೋಡಿದರು. ಬೈಗುಳ ನಿಂತಿತು. ಐದೂ ಜನ ವಾಣಿಶ್ರೀಯ ಕಡೆ ತಿರುಗಿದರು. ಮುಖಗಳು ಬದಲಾಗಿದ್ದವು.

ನರೇಶ್ ಹತ್ತಿರ ಬಂದು ಮಂಡಿಯೂರಿ ಕೂತರು. ಅವರ ದನಿ ಜೇನಾಗಿತ್ತು. ಏನು ಗಂಟಲು ನಿಂದು, ಸೂಪರ್ ಗಂಟಲು ಎಂದರು.

"ಫೋಟೋದಲ್ಲಿ ರೆಕ್ಕೆ ತುದಿ ಸ್ವಲ್ಪ ಕಟ್ ಆಗಿದೆ ಪುಟ್ಟ. ಈಗ ಬೆಳಕೂ ಚೆನ್ನಾಗಿದೆ. ಇನ್ನೊಂದೇ ಒಂದ್ಸಲ ಕೂಗ್ಬಿಡು. ನಿಮ್ ಹೆಡ್‌ಮಾಸ್ಟರ್‌ಗೆ ನಾನೇ ಫೋನ್ ಮಾಡಿ ಹೊಗಳ್ತೀನಿ. ಇಲ್ಲಾಂದ್ರೆ..."

ಇಲ್ಲಾಂದ್ರೆ ಏನು ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಹುಟ್ಟಿದಾಗಿನಿಂದ ಅಜ್ಜಿಯನ್ನು ಬಿಟ್ಟು ಇನ್ನೊಬ್ಬರು ಅವಳಿಗೆ ಕೂಗು ಎಂದು ಹೇಳಿದ್ದು ಇದೇ ಮೊದಲು. ಅದೂ ದೊಡ್ಡವರು, ಅದೂ ಬೆಂಗಳೂರಿನವರು, ಅದೂ ಮಂಡಿಯೂರಿ. ವಾಣಿಶ್ರೀಗೆ ಮೈಯೆಲ್ಲ ಬಿಸಿಯಾಯಿತು. ಒಂದು ಕೂಗಿಗೆ ಮಿಸ್‌ನ ಮಾನ ಉಳಿಯುತ್ತದೆ, ಟ್ರಿಪ್ಪು ಉಳಿಯುತ್ತದೆ, ಹೆಡ್‌ಮಾಸ್ಟರ ಬಾಯಿಂದ ಶಭಾಷ್ ಕೂಡ ಬರಬಹುದು.

"ಕೂಗೇ," ಎಂದು ಮುನಿಕೃಷ್ಣ ತಿವಿದ. "ಬಚಾವ್ ಆಗ್ತೀವಿ."

ಅವಳು ಕದಿರೇಶ್ ಕಡೆ ನೋಡಿದಳು. ಅವರು ಬೇಡ ಎನ್ನುತ್ತಾರೆ ಅಂದುಕೊಂಡಳು. ಕದಿರೇಶ್ ತಮ್ಮ ಶೂ ನೋಡಿಕೊಳ್ಳುತ್ತಿದ್ದರು. ಹೆಡ್‌ಮಾಸ್ಟರ ಮುಂದೆ ತಾನು ನಿಲ್ಲುವುದೂ ಹೀಗೇ ಎಂದು ಅವಳಿಗೆ ಅನ್ನಿಸಿತು. ದೊಡ್ಡವರಿಗೂ ಹೆಡ್‌ಮಾಸ್ಟರುಗಳು ಇರುತ್ತಾರೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಹಕ್ಕಿ ಎಲ್ಲಿದೆ ಎಂದು ಗೊತ್ತಿಲ್ಲದೆ ಕೂಗುವವಳಲ್ಲ ವಾಣಿಶ್ರೀ. ಸ್ಕೋಪಿನ ಹತ್ತಿರ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದಳು.

ಹಕ್ಕಿ ಎಷ್ಟು ಹತ್ತಿರ ಕಂಡಿತೆಂದರೆ ಅವಳು ಹಿಂದಕ್ಕೆ ಸರಿದಳು. ಒಂದು ಹಕ್ಕಿ ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತಿತ್ತು. ಇನ್ನೊಂದರ ರೆಕ್ಕೆ ಪೂರ್ತಿ ಮಡಚಲು ಆಗದೆ ಮರಳಿನ ಮೇಲೆ ಜೋಲುತ್ತಿತ್ತು. ಮೂರನೆಯದು ಉದ್ದನೆಯ ಕೊಕ್ಕನ್ನೂ ಗದ್ದವನ್ನೂ ಮರಳಿನ ಮೇಲೆ ಚಾಚಿ, ದಣಿದ ನಾಯಿಯ ಹಾಗೆ ಮಕಾಡೆ ನೆಲಕ್ಕಂಟಿ ಮಲಗಿಬಿಟ್ಟಿತ್ತು. ಹಕ್ಕಿ ಹಾಗೆ ಮಲಗುವುದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಅವಳ ಇಪ್ಪತ್ತಾರು ಕಳ್ಳರಲ್ಲಿ ಒಬ್ಬನೂ ಹೀಗೆ ಮಲಗುತ್ತಿರಲಿಲ್ಲ.

ತಾನು ಕೂಗಿದರೆ ಗಿಳಿಗಳು ಸೊಣ್ಣಪ್ಪನ ಹೊಲಕ್ಕೆ ಹೋಗುತ್ತವೆ. ಇವು ಎಲ್ಲಿಗೆ ಹೋಗಬೇಕು? ಕೆರೆಯ ಆಚೆ ಏನಿದೆ ಎಂದು ಇವುಗಳಿಗೂ ಗೊತ್ತಿಲ್ಲ. ಇವುಗಳಿಗೆ ಪಕ್ಕದ ಹೊಲವೇ ಇರಲಿಲ್ಲ.

"ಆಗಲ್ಲ ಅಂಕಲ್," ಎಂದಳು. ಅವಳ ದನಿ ಅಷ್ಟು ಸಣ್ಣದಾಗಿ ಬಂದದ್ದು ಕೇಳಿ ಮುನಿಕೃಷ್ಣನಿಗೇ ಗಾಬರಿಯಾಯಿತು. "ಅವಕ್ಕೆ ಸುಸ್ತಾಗಿದೆ. ಮಲ್ಕೊಂಡಿವೆ."

ನರೇಶ್ ನಕ್ಕು, ಒಂದೇ ಸಲ ಎಂದರು. ಮಿಕ್ಕವರೂ ಒಂದೇ ಸಲ ಎಂದರು. ವಾಣಿಶ್ರೀ ತಲೆ ಅಲ್ಲಾಡಿಸಿದಳು. ನರೇಶರ ದನಿಯಲ್ಲಿದ್ದ ಜೇನು ಬೇಗನೆ ಖಾಲಿಯಾಯಿತು. ಕೇಳದೇ ಇದ್ದಾಗ ಕೂಗೋದು, ಕೇಳಿದರೆ ಬಿಗುಮಾನ ತೋರಿಸೋದು, ಒಳ್ಳೆ ಹುಡುಗಿ ಎಂದರು.

ಇದನ್ನೆಲ್ಲ ನೋಡಿ ಮುನಿಕೃಷ್ಣನಿಗೆ ತಡೆಯಲಾಗಲಿಲ್ಲ. ಅವಳು ಕೂಗದಿದ್ದರೇನಂತೆ, ತಾನು ಕೂಗಿ ಸ್ಕೂಲಿನ ಮಾನ ಕಾಪಾಡುತ್ತೇನೆ ಎಂದುಕೊಂಡು ಎದೆ ತುಂಬ ಗಾಳಿ ಎಳೆದುಕೊಂಡ. ವಾಣಿಶ್ರೀಗೆ ಆ ಉಸಿರಿನ ಪರಿಚಯ ಚೆನ್ನಾಗಿತ್ತು. ಹಾರಿ ಬಂದು ಅಂಗೈಯಿಂದ ಅವನ ಬಾಯಿ ಮುಚ್ಚಿದಳು. ಅವನು ಕಚ್ಚಿದ. ಅವಳು ಕೈ ತೆಗೆಯಲಿಲ್ಲ. ನೋವಿಗೆ ಕಣ್ಣಿನಲ್ಲಿ ನೀರು ಬಂದರೂ ಒಂದು ಸದ್ದೂ ಮಾಡಲಿಲ್ಲ. ಇಬ್ಬರೂ ಹುಲ್ಲಿನ ಮೇಲೆ ಉರುಳಿ ಚಿತ್ರಾನ್ನದ ಡಬ್ಬಿಯ ಹತ್ತಿರ ಹೋಗಿ ನಿಂತರು.

ಕದಿರೇಶ್ ತಲೆಯೆತ್ತಿದ್ದು ಆಗ. ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಇವತ್ತು ಯಾರೂ ಕೂಗೋದಿಲ್ಲ ಸಾರ್," ಎಂದರು ನರೇಶರಿಗೆ. "ನಾನು ಮೊದಲೇ ಹೇಳ್ಬೇಕಿತ್ತು. ತಪ್ಪು ನಂದೇ. ಬೇಜಾರಾದ್ರೆ ಇಲ್ಲಿಗೇ ಮುಗಿಸೋಣ."

ನರೇಶ್ ಫೋನು ತೆಗೆದು ಹೆಡ್‌ಮಾಸ್ಟರ ನಂಬರ್ ಕೊಡಿ ಎಂದು ಅನಿತ ಮಿಸ್‌ರನ್ನು ಕೇಳಿದರು. ಮಿಸ್ ತಮ್ಮ ಫೋನಿನಲ್ಲಿ ಹುಡುಕಿ ನಂಬರನ್ನು ಒಂದೊಂದಾಗಿ, ನಿಧಾನವಾಗಿ, ಪಿಸುಮಾತಿನಲ್ಲಿ ಹೇಳಿದರು. ಸಾರ್ ಏಳೋದು ಎಂಟೂವರೆಗೆ, ಆಮೇಲೆ ಮಾಡಿ, ನಾನೂ ಮಾತಾಡುವುದಿದೆ ಎಂದು ಸೇರಿಸಿದರು. ಆಮೇಲೆ ವಾಣಿಶ್ರೀಯ ಪಕ್ಕದಲ್ಲಿ ಬಂದು ಕೂತು, ಹಲ್ಲಿನ ಗುರುತು ಮೂಡಿದ್ದ ಅವಳ ಕೈಯನ್ನು ತಮ್ಮ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡರು. ವಾಣಿಶ್ರೀ ಮಿಸ್‌ಗೆ ಒರಗಿಕೊಂಡಳು.

ಯಾರೂ ಹೊರಡಲಿಲ್ಲ. ಅಷ್ಟು ದೂರದಿಂದ ಬಂದು ಬರಿಗೈಲಿ ಹೋಗಲು ನರೇಶರಿಗೂ ಮನಸ್ಸಾಗಲಿಲ್ಲ. ಎಲ್ಲರೂ ಹುಲ್ಲಿನ ಮೇಲೆ ಸುಮ್ಮನೆ ಕೂತರು. ಬಾತುಗಳು ಒಂದೊಂದಾಗಿ ನೀರಿಗೆ ವಾಪಸಾದವು. ಆಚೆ ದಡದಿಂದ ಬಟ್ಟೆ ಒಗೆಯುವ ಸದ್ದು ಮತ್ತೆ ಕೇಳತೊಡಗಿತು. ಮಕ್ಕಳು ಸರದಿಯಂತೆ ಹೋಗಿ ಮಲಗಿದ್ದ ಹಕ್ಕಿಗಳ ಫೋಟೋ ತೆಗೆದುಕೊಂಡು ಬಂದರು. ತನ್ನ ಸರದಿ ಬಂದಾಗ ವಾಣಿಶ್ರೀ ಒಂದು ಕೈಯಲ್ಲೇ ಫೋನು ಹಿಡಿದಳು. ಫೋಟೋ ಸ್ವಲ್ಪ ಅಲುಗಾಡಿ ಬಂತು.

ಎಷ್ಟು ಹೊತ್ತು ಕಳೆಯಿತೋ, ದಿಬ್ಬದ ಮೇಲಿನ ಒಂದು ಹಕ್ಕಿ ಎದ್ದು ಮೈ ಕೊಡವಿತು. ನಾಲ್ಕು ಹೆಜ್ಜೆ ನಡೆದು ಹಾರಿತು. ನೀರಿನ ಮೇಲೆ ಒಂದು ಗೇಣು ಎತ್ತರದಲ್ಲಿ, ಕೊಕ್ಕು ತೆರೆದು, ಕೆಳಗಿನ ಉದ್ದ ಅರ್ಧವನ್ನು ನೀರಿಗೆ ಇಳಿಸಿ, ಸೀಳುತ್ತಾ ನೇರವಾಗಿ ಇವರ ಕಡೆಗೇ ಬಂತು. ಅದರ ಹಿಂದೆ ಕೆರೆಯ ಉದ್ದಕ್ಕೂ ಒಂದು ತೆಳುವಾದ ಗೆರೆ ಎಳೆದುಕೊಂಡು ಬಂತು. ಏರಿಯ ಹತ್ತಿರ ತಿರುಗುವಾಗ ಟಪ್ಪನೆ ಕೊಕ್ಕು ಮುಚ್ಚಿತು. ಅದರಲ್ಲಿ ಬೆಳ್ಳಗೆ ಒಂದು ಮೀನು ಒದ್ದಾಡಿತು.

ಹಕ್ಕಿ ಮೇಲೆದ್ದು ಏರಿಯ ಹಿಂದಿನಿಂದ ಸುತ್ತಿಕೊಂಡು ಹೋಗುವಾಗ ಅದರ ರೆಕ್ಕೆಯ ನೆರಳು ವಾಣಿಶ್ರೀಯ ಮಡಿಲ ಮೇಲೆ ಹಾದುಹೋಯಿತು. ಅವಳ ಬಾಯಿ ಅಗಲವಾಗಿ ತೆರೆಯಿತು. ಮುನಿಕೃಷ್ಣ ಕಣ್ಣು ಮುಚ್ಚಿಕೊಂಡ, ನರೇಶ್ ಕ್ಯಾಮೆರಾದಿಂದ ಮುಖ ಎತ್ತಿ ಅವಳನ್ನೇ ನೋಡಿದರು, ಮಿಸ್‌ನ ಹಿಡಿತ ಬಿಗಿಯಾಯಿತು.

ಏನೂ ಕೇಳಿಸಲಿಲ್ಲ. ಅವಳು ಉಸಿರು ಬಿಡುವುದನ್ನೂ ಮರೆತು ನೀರಿನ ಮೇಲಿನ ಗೆರೆಯನ್ನು ನೋಡುತ್ತಿದ್ದಳು. ಗೆರೆ ಅಗಲವಾಗಿ, ಮಸುಕಾಗಿ, ಅಲೆಯಲ್ಲಿ ಸೇರಿಹೋಗುವ ತನಕ ನೋಡಿದಳು. ಆಮೇಲೆ, ಯಾರೂ ಹೇಳದೆ, ತಾನಾಗಿಯೇ ಬಾಯಿ ಮುಚ್ಚಿಕೊಂಡಳು.